ಫೋನ್‌ಗೆ ಯಾವ ಚಿಪ್? ಹೆಸರಿನ ನಂಬರ್ ಬಿಟ್ಟು ಒಳಗಿನ ಕೋರ್ ನೋಡಿ

"ಡೈಮೆನ್ಸಿಟಿ 7300 ಒಳ್ಳೇದಾ, ಸ್ನ್ಯಾಪ್‌ಡ್ರ್ಯಾಗನ್ 7ಎಸ್ ಜೆನ್ 3 ಒಳ್ಳೇದಾ?" "ಎಂಟು ಕೋರ್ ಇದ್ರೆ ಸಾಕಲ್ವಾ?" "ಐಫೋನ್‌ನಲ್ಲಿ ಆರೇ ಕೋರ್ ಅಂತೆ, ಮತ್ತೆ ಯಾಕೆ ಅಷ್ಟು ದುಡ್ಡು?" ಹೊಸ ಫೋನ್ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಹೀಗೇ ಇರುತ್ತವೆ. ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ರ್‍ಯಾಮ್ ಎಷ್ಟು ಜಿಬಿ ಎಂದು ಬಿಡಿಸಿ ಹೇಳುತ್ತಾರೆ. ಚಿಪ್ ಬಗ್ಗೆ ಕೇಳಿದರೆ "ಆಕ್ಟಾ ಕೋರ್ ಸರ್, ಫಾಸ್ಟ್ ಇದೆ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಆದರೆ ಮೂರು ವರ್ಷದ ನಂತರ ನಿಮ್ಮ ಫೋನ್ ತಡವರಿಸುತ್ತದೋ ಇಲ್ಲವೋ ಎನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಚಿಪ್ಪೇ. ಚಿಪ್ ಅಂದರೆ ಫೋನ್‌ನ ಮಿದುಳು. ಕೋರ್ ಅಂದರೆ ಅದರೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ, ಆಕ್ಟಾ ಕೋರ್ ಅಂದರೆ ಅಂಥವು ಎಂಟು. ಡಿಸ್‌ಪ್ಲೇ ಒಡೆದರೆ ಹೊಸದು ಹಾಕಿಸಬಹುದು. ಬ್ಯಾಟರಿ ಸೊರಗಿದರೆ ಬದಲಿಸಬಹುದು. ಚಿಪ್ ಮಾತ್ರ ಕೊಂಡ ದಿನ ಯಾವುದಿತ್ತೋ ಕೊನೆಯವರೆಗೂ ಅದೇ. ಹಾಗಾಗಿ ಯಾವ ಚಿಪ್ ಯಾರಿಗೆ ಎಂದು ಹೇಳುವ ಮೊದಲು, ಚಿಪ್‌ನಲ್ಲಿ ನೋಡಬೇಕಾದದ್ದು ಏನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಷ್ಟು ತಿಳಿದರೆ ಮುಂದಿನ ವರ್ಷ ಹೊಸ ಹೆಸರಿನ ಚಿಪ್ ಬಂದಾಗಲೂ ನೀವೇ ತೂಗಿ ನೋಡಬಹುದು.

ಹೆಸರಿನ ಗೊಂದಲ

2023ರ ಸೆಪ್ಟೆಂಬರ್‌ನಲ್ಲಿ ಕ್ವಾಲ್‌ಕಾಮ್ ಕಂಪನಿಯ ಸ್ನ್ಯಾಪ್‌ಡ್ರ್ಯಾಗನ್ 7ಎಸ್ ಜೆನ್ 2 ಬಂತು. ಅದರ ದೊಡ್ಡ (ಹೆಚ್ಚು ಬಲದ) ಕೋರ್ ಕಾರ್ಟೆಕ್ಸ್ ಎ78, ಅಂದರೆ 2020ರ ವಿನ್ಯಾಸ. 2024ರ ಮಾರ್ಚ್‌ನಲ್ಲಿ ಸ್ನ್ಯಾಪ್‌ಡ್ರ್ಯಾಗನ್ 7 ಪ್ಲಸ್ ಜೆನ್ 3 ಬಂತು. ಅದರಲ್ಲಿರುವುದು ಕಾರ್ಟೆಕ್ಸ್ ಎಕ್ಸ್4. ಆ ಹೊತ್ತಿನ ಅತಿ ದುಬಾರಿ ಆಂಡ್ರಾಯ್ಡ್ ಫೋನ್‌ಗಳ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 3ರಲ್ಲಿ ಇದ್ದದ್ದೂ ಅದೇ ಕೋರ್. ಎರಡರ ಹೆಸರೂ ಏಳರಿಂದಲೇ ಶುರುವಾಗುತ್ತದೆ. ವೇಗದಲ್ಲಿ ಮಾತ್ರ ಅಜಗಜಾಂತರ. ಡೈಮೆನ್ಸಿಟಿ ಚಿಪ್ ಮಾಡುವ ಮೀಡಿಯಾಟೆಕ್ ಕಡೆಯೂ ಕಥೆ ಬೇರೆಯಲ್ಲ. ಡೈಮೆನ್ಸಿಟಿ 1080 ಎಂದು ಮಾರಾಟವಾಗುತ್ತಿದ್ದ ಚಿಪ್ ಆಮೇಲೆ ಡೈಮೆನ್ಸಿಟಿ 7050 ಎಂಬ ಹೊಸ ಹೆಸರು ಹೊತ್ತು ಬಂತು. ಹೆಸರು ಹೊಸದಾಯಿತು, ಒಳಗಿನ ಕೋರ್‌ಗಳು ಹಳೆಯವೇ.

ಇದು ಓದುಗರ ತಪ್ಪಲ್ಲ. ನಂಬರ್ ದೊಡ್ಡದಾದರೆ ಚಿಪ್ ಒಳ್ಳೆಯದು ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಹಣ ನಿಮ್ಮದು. ಹಾಗಾಗಿ ಪೆಟ್ಟಿಗೆಯ ಮೇಲಿನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ, ಅದರೊಳಗಿನ ಕೋರ್‌ಗಳ ಹೆಸರು ನೋಡುವ ಅಭ್ಯಾಸ ಮಾಡಿಕೊಳ್ಳಿ. ಎರಡು ನಿಮಿಷದ ಕೆಲಸ.

ಮೊದಲು ನೋಡಬೇಕಾದದ್ದು: ದೊಡ್ಡ ಕೋರ್ ಯಾವುದು, ಎಷ್ಟು

ಆಂಡ್ರಾಯ್ಡ್ ಫೋನ್ ಚಿಪ್‌ಗಳ ಕೋರ್‌ಗಳನ್ನು ಹೆಚ್ಚಾಗಿ ವಿನ್ಯಾಸ ಮಾಡುವುದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಆರ್ಮ್ ಕಂಪನಿ. ಕ್ವಾಲ್‌ಕಾಮ್, ಮೀಡಿಯಾಟೆಕ್, ಸ್ಯಾಮ್‌ಸಂಗ್, ಗೂಗಲ್ ಆ ವಿನ್ಯಾಸಗಳಿಗೆ ಲೈಸೆನ್ಸ್ ಪಡೆದು, ಗ್ರಾಫಿಕ್ಸ್, ಮಾಡೆಮ್, ಕ್ಯಾಮೆರಾ ಭಾಗ ಎಲ್ಲ ಸೇರಿಸಿ ಒಂದು ಚಿಪ್ ಮಾಡುತ್ತವೆ. ಈ ಕೆಲಸದ ಒಂದು ಪಾಲು ನಮ್ಮ ಬೆಂಗಳೂರಿನಲ್ಲೇ ನಡೆಯುತ್ತದೆ. ಆರ್ಮ್, ಕ್ವಾಲ್‌ಕಾಮ್, ಮೀಡಿಯಾಟೆಕ್, ಸ್ಯಾಮ್‌ಸಂಗ್ ನಾಲ್ಕಕ್ಕೂ ಅಲ್ಲಿ ವಿನ್ಯಾಸದ ಕಚೇರಿಗಳಿವೆ.

ಚಿಪ್‌ನ ಎಂಟು ಕೋರ್‌ಗಳೂ ಒಂದೇ ಬಗೆಯವಲ್ಲ. ಎ55, ಎ510, ಎ520 ಸಣ್ಣ ಕೋರ್‌ಗಳು. ಎ76, ಎ78, ಎ720 ದೊಡ್ಡವು. ಎಕ್ಸ್ ಅಕ್ಷರದಿಂದ ಶುರುವಾಗುವವು ಇನ್ನೂ ದೊಡ್ಡವು. ಸಣ್ಣ ಕೋರ್ ಕೆಲಸಗಳನ್ನು ಬಂದ ಸರದಿಯಲ್ಲೇ ಮಾಡುತ್ತದೆ. ಮೆಮೊರಿಯಿಂದ ಏನಾದರೂ ಬರಬೇಕಿದ್ದರೆ ಅದು ಬರುವವರೆಗೆ ಕಾಯುತ್ತದೆ. ದೊಡ್ಡ ಕೋರ್ ಕಾಯುವ ಸಮಯದಲ್ಲೇ ಮುಂದಿನ ಕೆಲಸಗಳನ್ನು ಹುಡುಕಿ ಮುಗಿಸಿಬಿಡುತ್ತದೆ. ಸಾರು ಕುದಿಯುವ ತನಕ ಒಲೆ ಮುಂದೆ ಸುಮ್ನೆ ನಿಲ್ಲುವವರಿಗೂ, ಅದು ಕುದಿಯುವಷ್ಟರಲ್ಲಿ ಕಾಯಿ ತುರಿದು ಒಗ್ಗರಣೆಗೆ ಅಣಿ ಮಾಡುವವರಿಗೂ ಇರುವ ವ್ಯತ್ಯಾಸ ಅದು. ದೊಡ್ಡ ಕೋರ್‌ಗೆ ಚಿಪ್‌ನಲ್ಲಿ ಜಾಗ ಜಾಸ್ತಿ ಬೇಕು, ವಿದ್ಯುತ್ತೂ ಜಾಸ್ತಿ ಬೇಕು. ಆದ್ದರಿಂದ ಅಗ್ಗದ ಚಿಪ್‌ಗಳಲ್ಲಿ ದೊಡ್ಡ ಕೋರ್ ಎರಡೇ ಇರುತ್ತವೆ, ಉಳಿದ ಆರು ಸಣ್ಣವು.

ದಿನನಿತ್ಯದ ಬಳಕೆಯಲ್ಲಿ ಫೋನ್ ಚುರುಕಾಗಿದೆ ಎನಿಸುವುದು ಒಂದೆರಡು ಕೋರ್‌ಗಳ ಶಕ್ತಿಯಿಂದಲೇ. ಆಪ್ ತೆರೆಯುವುದು, ವೆಬ್ ಪುಟ ಬರುವುದು, ಅಂಗಡಿ ಮುಂದೆ ನಿಂತು ಯುಪಿಐ ಸ್ಕ್ಯಾನರ್ ತೆರೆಯುವುದು, ಎಲ್ಲವೂ ಅಷ್ಟೇ. ಈ ಕೆಲಸಗಳನ್ನು ಎಂಟು ಕೋರ್‌ಗಳಿಗೆ ಸಮನಾಗಿ ಹಂಚಲು ಆಗುವುದಿಲ್ಲ. ಐಫೋನ್ 16ರ ಎ18 ಚಿಪ್‌ನಲ್ಲಿ ಇರುವುದು ಎರಡು ದೊಡ್ಡ ಕೋರ್, ನಾಲ್ಕು ಸಣ್ಣ ಕೋರ್. ಆದರೂ ಎಷ್ಟೋ ಎಂಟು ಕೋರ್ ಚಿಪ್‌ಗಳನ್ನು ಅದು ಸುಲಭವಾಗಿ ಹಿಂದೆ ಹಾಕುತ್ತದೆ. ಅದರ ಒಂದೊಂದು ದೊಡ್ಡ ಕೋರೂ ಅಷ್ಟು ಬಲವಾದದ್ದು.

ಗಿಗಾಹರ್ಟ್ಸ್, ಅಂದರೆ ಕೋರ್ ಓಡುವ ಗತಿಯ ಸಂಖ್ಯೆ, ನೋಡಿಯೂ ಮೋಸ ಹೋಗಬೇಡಿ. 2.4 ಗಿಗಾಹರ್ಟ್ಸ್‌ನ ಎ76ಗಿಂತ 2.2 ಗಿಗಾಹರ್ಟ್ಸ್‌ನ ಎ78 ವೇಗವಾಗಿ ಕೆಲಸ ಮುಗಿಸುತ್ತದೆ. ಒಂದೇ ಬಗೆಯ ಕೋರ್‌ಗಳ ನಡುವೆ ಹೋಲಿಸುವಾಗ ಮಾತ್ರ ಗಿಗಾಹರ್ಟ್ಸ್‌ಗೆ ಅರ್ಥವಿದೆ.

ಎರಡನೆಯದು: ಎಲ್ಲಿ ತಯಾರಾಗಿದೆ

ಇದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಕೇಳುವುದೇ ಇಲ್ಲ. ಆದರೆ ಇದರಿಂದ ಆಗುವ ವ್ಯತ್ಯಾಸ ದೊಡ್ಡದು. ಇದಕ್ಕೆ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2021ರ ಕೊನೆಯಲ್ಲಿ ಬಂದ ಆ ಚಿಪ್ ಸ್ಯಾಮ್‌ಸಂಗ್‌ನ 4 ನ್ಯಾನೋಮೀಟರ್ ಕಾರ್ಖಾನೆಯಲ್ಲಿ ತಯಾರಾಯಿತು. ಬಿಸಿಯಾಗುತ್ತದೆ ಎಂದು ಎಲ್ಲ ಕಡೆ ಹೆಸರು ಕೆಡಿಸಿಕೊಂಡಿತು. 2022ರ ಮೇ ತಿಂಗಳಲ್ಲಿ ಕ್ವಾಲ್‌ಕಾಮ್ ಅದೇ ವಿನ್ಯಾಸವನ್ನು ತೈವಾನಿನ ಟಿಎಸ್‌ಎಂಸಿಯಲ್ಲಿ ಮಾಡಿಸಿ 8 ಪ್ಲಸ್ ಜೆನ್ 1 ಎಂದು ತಂದಿತು. ಅಲ್ಲೂ ಪ್ರಕ್ರಿಯೆಯ ಹೆಸರು 4 ನ್ಯಾನೋಮೀಟರೇ. ದೊಡ್ಡ ಕೋರ್‌ನ ವೇಗ 3.0ರಿಂದ 3.2 ಗಿಗಾಹರ್ಟ್ಸ್‌ಗೆ ಏರಿತು. ಅದೇ ಹೊತ್ತಿಗೆ ವಿದ್ಯುತ್ ಬಳಕೆಯಲ್ಲಿ ಶೇ. 30ರಷ್ಟು ಸುಧಾರಣೆ ಆಗಿದೆ ಎಂದು ಕಂಪನಿಯೇ ಹೇಳಿತು. ಒಂದೇ ನಕ್ಷೆ, ಬೇರೆ ಕಾರ್ಖಾನೆ, ಬೇರೆ ಫಲಿತಾಂಶ. ಹಳೆಯ ಫೋನ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವವರು ಈ "ಪ್ಲಸ್" ಇದೆಯೋ ಇಲ್ಲವೋ ಎಂದು ಖಂಡಿತ ನೋಡಿ.

ನ್ಯಾನೋಮೀಟರ್ ಸಂಖ್ಯೆ ಇವತ್ತು ಚಿಪ್‌ನ ಯಾವುದೋ ಭಾಗವನ್ನು ಅಳೆದು ಇಟ್ಟದ್ದಲ್ಲ. ಅದು ಚಿಪ್ ತಯಾರಿಸುವ ತಂತ್ರದ ತಲೆಮಾರಿಗೆ ಇಟ್ಟ ಹೆಸರು ಅಷ್ಟೇ. ಒಂದೇ ಕಾರ್ಖಾನೆಯೊಳಗೆ ಹೋಲಿಸಲು ಅದನ್ನು ನಂಬಬಹುದು. ಟಿಎಸ್‌ಎಂಸಿಯ 6ಕ್ಕಿಂತ 4 ಉತ್ತಮ, 4ಕ್ಕಿಂತ 3 ಉತ್ತಮ.

ಮೂರನೆಯದು: ಅರ್ಧ ಗಂಟೆ ಆದ ಮೇಲೆ ಏನಾಗುತ್ತದೆ

ಚಿಪ್ ಮೊದಲ ಎರಡು ನಿಮಿಷ ಓಡುವ ವೇಗಕ್ಕೂ, ಬಿಸಿಯಾದ ಮೇಲೆ ಓಡುವ ವೇಗಕ್ಕೂ ಅಂತರವಿದೆ. ಹೆಚ್ಚಿನ ಫೋನ್‌ಗಳಲ್ಲಿ ಫ್ಯಾನ್ ಇರುವುದಿಲ್ಲ. ಒಳಗಿನ ಶಾಖ ಹೊರಗೆ ಹೋಗಲು ಹಿಂಬದಿಯ ಕವಚ, ಫ್ರೇಮ್, ಪರದೆಯೇ ದಾರಿ. ಬಿಸಿ ಮಿತಿ ಮೀರಿದರೆ ಚಿಪ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಫೋನ್ ವೇಗ ಅಳೆಯುವ ಆಂಟುಟು ಎಂಬ ಆಪ್‌ನ ಸ್ಕೋರ್ ನಿಮಗೆ ಹೇಳುವುದು ಮೊದಲಿನ ವೇಗವನ್ನು. ನಿಮಗೆ ಬೇಕಾಗಿರುವುದು ಎರಡನೆಯದು.

ಅದಕ್ಕೆ 3ಡಿಮಾರ್ಕ್ ಎಂಬ ಪರೀಕ್ಷಾ ಆಪ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಫಲಿತಾಂಶ ಹುಡುಕಿ. ಒಂದು ನಿಮಿಷದ ಗ್ರಾಫಿಕ್ಸ್ ಪರೀಕ್ಷೆಯನ್ನು 20 ಸಲ ಬಿಡದೆ ಓಡಿಸುತ್ತಾರೆ. ಅತಿ ಹೆಚ್ಚಿನ ಅಂಕದ ಎದುರು ಅತಿ ಕಡಿಮೆ ಅಂಕ ಶೇಕಡಾ ಎಷ್ಟು ಎನ್ನುವುದೇ ಸ್ಥಿರತೆ. ಶೇ. 90 ಬಂದರೆ ಫೋನ್ ಕೊನೆಯವರೆಗೂ ಗಟ್ಟಿಯಾಗಿ ನಿಂತಿತು ಎಂದರ್ಥ. ಶೇ. 50 ಬಂದರೆ ಅರ್ಧ ಶಕ್ತಿ ಶಾಖಕ್ಕೇ ಹೋಯಿತು. ಆದರೆ ಶೇಕಡಾವಾರು ಒಂದನ್ನೇ ನೋಡಬೇಡಿ, ಕೊನೆಯ ಸುತ್ತಿನ ಅಂಕವನ್ನೂ ನೋಡಿ. ಬಲವಾದ ಚಿಪ್ ಅರ್ಧಕ್ಕೆ ಇಳಿದರೂ ದುರ್ಬಲ ಚಿಪ್‌ನ ಪೂರ್ಣ ವೇಗಕ್ಕಿಂತ ಮುಂದಿರಬಹುದು.

ಶಾಖದ ವಿಷಯ ನಮ್ಮಲ್ಲಿ ಇನ್ನೂ ಮುಖ್ಯ. ಈ ಪರೀಕ್ಷೆಗಳನ್ನು ಹೆಚ್ಚಾಗಿ ಎಸಿ ಕೋಣೆಯಲ್ಲಿ ಮಾಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೈಕ್ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ, ಪರದೆಯ ಬೆಳಕು ಪೂರ್ತಿ ಏರಿಸಿ, ಮ್ಯಾಪ್ ಹಾಕಿಕೊಂಡು ಡೆಲಿವರಿ ಮಾಡುವವರಿಗೆ ಚಿಪ್‌ನ ಗರಿಷ್ಠ ವೇಗದಿಂದ ಏನೂ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಕಡಿಮೆ ವಿದ್ಯುತ್ತಿನಲ್ಲಿ, ತಣ್ಣಗೆ ಓಡುವ ಚಿಪ್.

ಮಾಡೆಮ್, ಸ್ಟೋರೇಜ್, ಅಪ್‌ಡೇಟ್

ಮಾಡೆಮ್ ಅಂದರೆ ಮೊಬೈಲ್ ಸಿಗ್ನಲ್ ನೋಡಿಕೊಳ್ಳುವ ಭಾಗ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದು ಚಿಪ್‌ನ ಒಳಗೇ ಇರುತ್ತದೆ. ಸಿಗ್ನಲ್ ಕಡಿಮೆ ಇರುವಲ್ಲಿ ಅದು ಜಾಸ್ತಿ ವಿದ್ಯುತ್ ಬಳಸುತ್ತದೆ. ಮಲೆನಾಡಿನ ಕಣಿವೆಯ ಮನೆಗಳಲ್ಲಿ ಏನೂ ಬಳಸದೆ ಇಟ್ಟ ಫೋನ್‌ನ ಬ್ಯಾಟರಿ ಸಂಜೆಗೆ ಇಳಿದಿರುತ್ತದಲ್ಲ, ಅದಕ್ಕೆ ಒಂದು ಕಾರಣ ಇದು. ಜಿಯೋ 5ಜಿ ಬಳಸುವವರು ಫೋನ್‌ಗೆ ಎನ್28 ಬ್ಯಾಂಡ್ ಇದೆಯೇ ಎಂದು ನೋಡಿ. ಅದು 700 ಮೆಗಾಹರ್ಟ್ಸ್ ತರಂಗ. ದೂರ ಹೋಗುತ್ತದೆ, ಗೋಡೆ ದಾಟುತ್ತದೆ.

ಸ್ಟೋರೇಜ್ ಬಗ್ಗೆ ಒಂದೇ ಮಾತು. ಇಎಂಎಂಸಿ ಎಂಬ ಹಳೆಯ ಬಗೆಯ ಸ್ಟೋರೇಜ್ ಇರುವ ಫೋನ್ ಬೇಡ. ಅದರ ಓದುವ ವೇಗ ಸೆಕೆಂಡಿಗೆ 300 ಎಂಬಿ ಆಸುಪಾಸು. ಹೊಸ ಬಗೆಯ ಯುಎಫ್‌ಎಸ್ 2.2ರಲ್ಲಿ ಸುಮಾರು 1,000, ಯುಎಫ್‌ಎಸ್ 3.1ರಲ್ಲಿ ಸುಮಾರು 2,000. ಚಿಪ್ ಎಷ್ಟೇ ಚೆನ್ನಾಗಿದ್ದರೂ ಸ್ಟೋರೇಜ್ ನಿಧಾನವಾದರೆ ಅದು ಕಾಯುತ್ತಲೇ ಇರಬೇಕು. ಇನ್ನು ಎಐ ವಿಷಯ. ಜಾಹೀರಾತಿನ ಟಾಪ್ಸ್ (ಎಐ ಲೆಕ್ಕದ ವೇಗ) ಸಂಖ್ಯೆ ನೋಡಿ ಫೋನ್ ಆರಿಸಬೇಡಿ. ಆ ಸೌಲಭ್ಯಗಳು ಸಿಗುವುದು ಕಂಪನಿಯ ಸಾಫ್ಟ್‌ವೇರ್ ಮತ್ತು ರ್‍ಯಾಮ್ ಮೇಲೆ ಹೆಚ್ಚು ನಿಂತಿದೆ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎನ್ನುವುದನ್ನು ಮಾತ್ರ ಬಿಡದೆ ಕೇಳಿ. ನಾಲ್ಕು ವರ್ಷ ಇಟ್ಟುಕೊಳ್ಳುವ ಫೋನ್‌ಗೆ ಎರಡೇ ವರ್ಷ ಸೆಕ್ಯುರಿಟಿ ಅಪ್‌ಡೇಟ್ ಆದರೆ ಉಳಿದೆರಡು ವರ್ಷ ಬ್ಯಾಂಕ್ ಆಪ್‌ಗಳು ಅಪಾಯದಲ್ಲಿ.

15 ಸಾವಿರದೊಳಗೆ

ಇಲ್ಲಿ ಹೆಚ್ಚು ಎಚ್ಚರ ಬೇಕು, ಯಾಕೆಂದರೆ ತಪ್ಪು ಆಯ್ಕೆಯ ನೋವು ಇಲ್ಲೇ ಜಾಸ್ತಿ. ಹೆಚ್ಚಾಗಿ ಸಿಗುವುದು ಡೈಮೆನ್ಸಿಟಿ 6300, ಸ್ನ್ಯಾಪ್‌ಡ್ರ್ಯಾಗನ್ 4 ಜೆನ್ 2, ಸ್ನ್ಯಾಪ್‌ಡ್ರ್ಯಾಗನ್ 4ಎಸ್ ಜೆನ್ 2.

ಡೈಮೆನ್ಸಿಟಿ 6300 ಬಂದದ್ದು 2024ರಲ್ಲಿ. ಅದರ ಎರಡು ದೊಡ್ಡ ಕೋರ್‌ಗಳು ಎ76, ಅಂದರೆ 2018ರ ವಿನ್ಯಾಸ. ಉಳಿದ ಆರು ಎ55. ತಯಾರಿ ಟಿಎಸ್‌ಎಂಸಿಯ 6 ನ್ಯಾನೋಮೀಟರ್. 2020ರ ಡೈಮೆನ್ಸಿಟಿ 700ರಲ್ಲಿದ್ದದ್ದೂ ಇದೇ ಕೋರ್‌ಗಳ ಜೋಡಣೆ, ವೇಗ ಸ್ವಲ್ಪ ಕಡಿಮೆ ಇತ್ತು ಅಷ್ಟೇ. ಸ್ನ್ಯಾಪ್‌ಡ್ರ್ಯಾಗನ್ 4 ಜೆನ್ 2ರಲ್ಲಿ 2.2 ಗಿಗಾಹರ್ಟ್ಸ್‌ನ ಎರಡು ಎ78, ಆರು ಎ55. ತಯಾರಿ ಸ್ಯಾಮ್‌ಸಂಗ್‌ನ 4 ನ್ಯಾನೋಮೀಟರ್. ಆಪ್ ತೆರೆಯುವ ಚುರುಕಿನಲ್ಲಿ ಇದು ಮುಂದು. ಜತೆಗೆ ಇದು ಯುಎಫ್‌ಎಸ್ 3.1 ಸ್ಟೋರೇಜನ್ನೂ ನಡೆಸಬಲ್ಲದು, ಆದರೆ ಫೋನ್ ಕಂಪನಿ ಅದನ್ನು ಹಾಕಿದೆಯೇ ಎಂದು ನೋಡಬೇಕು. ಗ್ರಾಫಿಕ್ಸ್ ಎರಡರಲ್ಲೂ ದುರ್ಬಲ. ಬಿಜಿಎಂಐಯಂಥ ಗೇಮ್ ಆಡುವ ಮಗನಿಗೆ ಈ ಎರಡೂ ಬೇಡ.

ಇನ್ನೊಂದು ಕೊರತೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ 4 ಜೆನ್ 2ರಲ್ಲಿ ವಿಡಿಯೊ ರೆಕಾರ್ಡಿಂಗ್ 1080ಪಿ ತನಕ ಮಾತ್ರ. ಡೈಮೆನ್ಸಿಟಿ 6300ರಲ್ಲಿ 2ಕೆ ತನಕ. ಕ್ಯಾಮೆರಾ 50 ಮೆಗಾಪಿಕ್ಸೆಲ್ ಇದ್ದರೂ, 108 ಮೆಗಾಪಿಕ್ಸೆಲ್ ಇದ್ದರೂ 4ಕೆ ವಿಡಿಯೊ ಬರುವುದಿಲ್ಲ. ಯಕ್ಷಗಾನ, ಮದುವೆ, ಮಕ್ಕಳ ಶಾಲೆಯ ಕಾರ್ಯಕ್ರಮ ಎಂದು ವಿಡಿಯೊ ತೆಗೆಯುವವರಿಗೆ ಇದು ದೊಡ್ಡ ಮಿತಿ.

ಸ್ನ್ಯಾಪ್‌ಡ್ರ್ಯಾಗನ್ 4ಎಸ್ ಜೆನ್ 2 ವಿಷಯದಲ್ಲಿ ಬೇರೆಯೇ ಎಚ್ಚರ ಬೇಕು. ಅಗ್ಗದ 5ಜಿ ಫೋನ್‌ಗಳಿಗಾಗಿಯೇ 2024ರಲ್ಲಿ ಇದನ್ನು ತಂದರು. ಇದು ಇರುವ ರೆಡ್ಮಿ ಎ4 5ಜಿ ಫೋನ್ ಎಸ್‌ಎ (4ಜಿ ಜಾಲದ ನೆರವಿಲ್ಲದೆ ನಡೆಯುವ) ಬಗೆಯ 5ಜಿಗೆ ಮಾತ್ರ ಹೊಂದುತ್ತದೆ. ಜಿಯೋ 5ಜಿ ಎಸ್‌ಎ ಬಗೆಯದು. ಏರ್‌ಟೆಲ್ ತನ್ನ 5ಜಿಯನ್ನು ಕಟ್ಟಿದ್ದು ಎನ್‌ಎಸ್‌ಎ (4ಜಿ ಜಾಲದ ನೆರವಿನಿಂದ ನಡೆಯುವ) ಬಗೆಯಲ್ಲಿ. ಹಾಗಾಗಿ ಏರ್‌ಟೆಲ್ ಸಿಮ್ ಹಾಕಿದರೆ ಎನ್‌ಎಸ್‌ಎ ಇರುವ ಕಡೆ 4ಜಿ ಮಾತ್ರ ಸಿಗುತ್ತದೆ. "5ಜಿ ಫೋನ್" ಎಂದು ನಂಬಿ ಕೊಂಡು ಮನೆಗೆ ಬಂದ ಮೇಲೆ ಗೊತ್ತಾದರೆ ಬೇಸರವಾಗದೆ ಇರುತ್ತದೆಯೇ? ಈ ಬೆಲೆಯಲ್ಲಿ ಯಾವ ಫೋನ್ ಕೊಂಡರೂ ನಿಮ್ಮ ಸಿಮ್ ಯಾವುದು, ಫೋನ್ ಎರಡೂ ಬಗೆಯ 5ಜಿಗೆ ಹೊಂದುತ್ತದೆಯೇ ಎಂದು ಮೊದಲು ಕೇಳಿ.

ಅಮ್ಮ, ಅಪ್ಪನಿಗೆ ವಾಟ್ಸಾಪ್, ಯೂಟ್ಯೂಬ್, ಯುಪಿಐ ಸಾಕು ಎನ್ನುವವರು 4 ಜೆನ್ 2 ಆರಿಸಿ. ರ್‍ಯಾಮ್ 6 ಜಿಬಿಗಿಂತ ಕಡಿಮೆ ಬೇಡ. 6300 ಇರುವ ಫೋನ್‌ನಲ್ಲಿ ಬ್ಯಾಟರಿ ದೊಡ್ಡದಿದ್ದು, ಅಪ್‌ಡೇಟ್ ಜಾಸ್ತಿ ವರ್ಷ ಸಿಕ್ಕರೆ ಅದೂ ಆದೀತು. ಆದರೆ ಇನ್ನೊಂದೆರಡು ಸಾವಿರ ಹೊಂದಿಸಲು ಆಗುತ್ತದೆ ಎಂದಾದರೆ ದಯವಿಟ್ಟು ಮುಂದಿನ ಮಟ್ಟಕ್ಕೆ ಹೋಗಿ. ಹಾಕಿದ ದುಡ್ಡಿಗೆ ಅತಿ ಹೆಚ್ಚು ವ್ಯತ್ಯಾಸ ಸಿಗುವುದು ಈ ಒಂದು ಮೆಟ್ಟಿಲಿನಲ್ಲೇ.

15ರಿಂದ 25 ಸಾವಿರ

ಈ ಮೆಟ್ಟಿಲಲ್ಲಿ ದೊಡ್ಡ ಕೋರ್ ಎರಡರಿಂದ ನಾಲ್ಕಕ್ಕೆ ಏರುತ್ತವೆ. ಡೈಮೆನ್ಸಿಟಿ 7300ರಲ್ಲಿ 2.5 ಗಿಗಾಹರ್ಟ್ಸ್‌ನ ನಾಲ್ಕು ಎ78, ನಾಲ್ಕು ಎ55. ತಯಾರಿ ಟಿಎಸ್‌ಎಂಸಿಯ 4 ನ್ಯಾನೋಮೀಟರ್. ಸಿಎಂಎಫ್ ಫೋನ್ 1 ಈ ಚಿಪ್ ಹೊತ್ತು 2024ರ ಜುಲೈನಲ್ಲಿ 15,999 ರೂಪಾಯಿಗೆ ಬಂದಿತ್ತು. ಕೋರ್ ಹಳೆಯದೇ ಆದರೂ ತಯಾರಿ ಒಳ್ಳೆಯದು, ಹಾಗಾಗಿ ತಣ್ಣಗೆ ಓಡುತ್ತದೆ, ಬ್ಯಾಟರಿ ಬಾಳುತ್ತದೆ. ಮೇಲೆ ಹೇಳಿದ ಡೆಲಿವರಿ ಕೆಲಸದವರಿಗೆ ನಾನು ಹೇಳುವುದು ಇದನ್ನೇ. ಇದರ ಕೊರತೆ ಗ್ರಾಫಿಕ್ಸ್. ಮಾಲಿ ಜಿ615 ಎಂಬ ಹೆಸರು ಚೆನ್ನಾಗಿದೆ, ಆದರೆ ಅದರ ಕೋರ್ ಎರಡೇ. ಅದೇ ಜಿ615 ಡೈಮೆನ್ಸಿಟಿ 8300ರಲ್ಲಿ ಆರು ಕೋರ್‌ಗಳೊಂದಿಗೆ ಬರುತ್ತದೆ. ಗ್ರಾಫಿಕ್ಸ್ ಹೆಸರಿನ ಜತೆ ಎಂಸಿ2, ಎಂಸಿ6 ಎಂದು ಇರುವುದು ಇದನ್ನೇ ಹೇಳುತ್ತದೆ.

ಸ್ನ್ಯಾಪ್‌ಡ್ರ್ಯಾಗನ್ 7ಎಸ್ ಜೆನ್ 3ರ ದೊಡ್ಡ ಕೋರ್‌ಗಳು ನಾಲ್ಕು ಎ720. ಇವು 2023ರ ವಿನ್ಯಾಸ. ಸಣ್ಣವು ಎ520. ನಥಿಂಗ್ ಫೋನ್ 3ಎ ಈ ಚಿಪ್‌ನೊಂದಿಗೆ 2025ರ ಮಾರ್ಚ್‌ನಲ್ಲಿ 24,999 ರೂಪಾಯಿಗೆ ಬಂತು. 7300ಕ್ಕಿಂತ ಇದು ಸ್ವಲ್ಪ ಮುಂದು, ಗೇಮ್‌ನಲ್ಲಿ ಇನ್ನೂ ಸ್ವಲ್ಪ ಮುಂದು. ಆದರೆ ಕೈಯಲ್ಲಿ ಹಿಡಿದು ಬಳಸುವಾಗ ಆ ವ್ಯತ್ಯಾಸ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಚಿಪ್ ಒಂದಕ್ಕಾಗಿಯೇ ಐದಾರು ಸಾವಿರ ಹೆಚ್ಚು ಕೊಡಬೇಡಿ. ಆ ದುಡ್ಡಿಗೆ ಒಳ್ಳೆಯ ಕ್ಯಾಮೆರಾ ಅಥವಾ ಹೆಚ್ಚು ವರ್ಷದ ಅಪ್‌ಡೇಟ್ ಸಿಗುತ್ತಿದ್ದರೆ ಕೊಡಿ.

ಇದೇ ಬೆಲೆಯಲ್ಲಿ ಡೈಮೆನ್ಸಿಟಿ 7050 ಕಂಡರೆ ಬಿಟ್ಟುಬಿಡಿ. ಅದರಲ್ಲೂ ಎ78 ಇದೆ, ನಿಜ. ಆದರೆ ಎರಡೇ ಇವೆ, ತಯಾರಿಯೂ 6 ನ್ಯಾನೋಮೀಟರ್.

ಇನ್ನು ಸ್ಯಾಮ್‌ಸಂಗ್ ಎ ಸರಣಿ. ಗ್ಯಾಲಕ್ಸಿ ಎ36ರಲ್ಲಿರುವ ಸ್ನ್ಯಾಪ್‌ಡ್ರ್ಯಾಗನ್ 6 ಜೆನ್ 3ರಲ್ಲೂ ನಾಲ್ಕು ಎ78 ಕೋರ್‌ಗಳೇ ಇರುವುದು. ಬಿಡುಗಡೆಯಾದಾಗ ಅದರ ಬೆಲೆ 30 ಸಾವಿರ ದಾಟಿತ್ತು. ಬರೀ ವೇಗ ನೋಡಿದರೆ ಅದು ಲೆಕ್ಕಕ್ಕೆ ಕೂರುವುದಿಲ್ಲ. ಆದರೆ ಆರು ವರ್ಷ ಅಪ್‌ಡೇಟ್ ಕೊಡುವ ಭರವಸೆ ಇದೆ. ಗೇಮ್ ಆಡದೆ, ಫೋನ್ ಹಾಳಾಗುವ ತನಕ ಬಳಸುವವರಿಗೆ ಆಫರ್‌ನಲ್ಲಿ ಬೆಲೆ ಇಳಿದಾಗ ಅದು ಸರಿಯಾದ ಆಯ್ಕೆಯೇ.

25ರಿಂದ 45 ಸಾವಿರ: ನಿಜವಾದ ಪೈಪೋಟಿ ಇಲ್ಲಿ

ಈಗಿನ ಚಿಪ್‌ಗಳಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವ ಮಟ್ಟ ಇದು. ಡೈಮೆನ್ಸಿಟಿ 8400, ಸ್ನ್ಯಾಪ್‌ಡ್ರ್ಯಾಗನ್ 8ಎಸ್ ಜೆನ್ 4, 2023ರ ಫ್ಲ್ಯಾಗ್‌ಶಿಪ್ (ಕಂಪನಿಯ ಅತಿ ಮೇಲ್ದರ್ಜೆಯ ಚಿಪ್) ಆದ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 3, ಈ ಮೂರೂ ಒಳ್ಳೆಯವು. ಆದರೆ ಮೂರರ ದಾರಿ ಬೇರೆ ಬೇರೆ.

ಡೈಮೆನ್ಸಿಟಿ 8400 ಸಣ್ಣ ಕೋರ್‌ಗಳನ್ನು ಪೂರ್ತಿ ಕೈಬಿಟ್ಟಿತು. ಎಂಟೂ ಎ725. ಒಂದು 3.25, ಮೂರು 3.0, ನಾಲ್ಕು 2.1 ಗಿಗಾಹರ್ಟ್ಸ್. ದೊಡ್ಡ ಕೋರ್ ಜಾಸ್ತಿಯಾದರೆ ಬ್ಯಾಟರಿ ಬೇಗ ಮುಗಿಯಬೇಕಲ್ಲ ಎಂದು ನೀವು ಕೇಳಬಹುದು. ಹಾಗೇನಿಲ್ಲ. ದೊಡ್ಡ ಕೋರನ್ನು ಕಡಿಮೆ ವೇಗದಲ್ಲಿ ಓಡಿಸಿದರೆ ಅದು ಕೆಲಸವನ್ನು ಬೇಗ ಮುಗಿಸಿ ನಿದ್ದೆಗೆ ಹೋಗುತ್ತದೆ. ಸಣ್ಣ ಕೋರ್ ಅದೇ ಕೆಲಸಕ್ಕೆ ಹೆಚ್ಚು ಹೊತ್ತು ಎಚ್ಚರವಿರಬೇಕು. ಮೀಡಿಯಾಟೆಕ್ 2023ರ ಡೈಮೆನ್ಸಿಟಿ 9300ರಲ್ಲಿ ಈ ದಾರಿ ಹಿಡಿದಾಗ ಹಲವರು ಅನುಮಾನಪಟ್ಟಿದ್ದರು. ಈಗ ಕ್ವಾಲ್‌ಕಾಮ್ ಕೂಡ ಅದೇ ದಾರಿಯಲ್ಲಿದೆ. ಪೋಕೊ ಎಕ್ಸ್7 ಪ್ರೊ 2025ರ ಜನವರಿಯಲ್ಲಿ 8400ರ ಅಲ್ಟ್ರಾ ಆವೃತ್ತಿಯೊಂದಿಗೆ 30 ಸಾವಿರದೊಳಗೆ ಬಂದಾಗ ಆ ಬೆಲೆಗೆ ಅಷ್ಟು ಶಕ್ತಿ ಬೇರೆಲ್ಲೂ ಸಿಗುವುದು ಕಷ್ಟವಿತ್ತು.

ಸ್ನ್ಯಾಪ್‌ಡ್ರ್ಯಾಗನ್ 8ಎಸ್ ಜೆನ್ 4ರಲ್ಲಿ 3.2 ಗಿಗಾಹರ್ಟ್ಸ್‌ನ ಒಂದು ಎಕ್ಸ್4, ಉಳಿದ ಏಳೂ ಎ720. ಇಲ್ಲೂ ಸಣ್ಣ ಕೋರ್ ಇಲ್ಲ. ಎಕ್ಸ್4 ಇರುವುದರಿಂದ ಒಂದೇ ಕೋರ್ ಮೇಲೆ ನಿಂತ ಕೆಲಸದಲ್ಲಿ ಇದು ಮುಂದು. ಎಂಟೂ ಕೋರ್ ಸೇರಿ ಮಾಡುವ ಕೆಲಸದಲ್ಲಿ, ಉದಾಹರಣೆಗೆ ವಿಡಿಯೊ ಎಡಿಟ್ ಮಾಡಿ ಹೊರತೆಗೆಯುವಾಗ, 8400 ಇದರ ಜತೆಗೇ ನಿಲ್ಲುತ್ತದೆ. ಗೇಮ್ ಆಡುವವರಿಗೆ ನಾನು ಸ್ನ್ಯಾಪ್‌ಡ್ರ್ಯಾಗನ್ ಕಡೆ ವಾಲುತ್ತೇನೆ. ಕ್ವಾಲ್‌ಕಾಮ್‌ನ ಅಡ್ರಿನೊ ಗ್ರಾಫಿಕ್ಸ್‌ಗೆ ಗೇಮ್ ಕಂಪನಿಗಳು ಹೆಚ್ಚು ಗಮನ ಕೊಡುತ್ತವೆ. ಆದರೂ 90 ಎಫ್‌ಪಿಎಸ್, 120 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಸಿಗುವುದು ಚಿಪ್ ಒಂದರಿಂದಲೇ ಅಲ್ಲ. ಗೇಮ್ ಕಂಪನಿ ಆ ಫೋನ್ ಮಾಡೆಲ್‌ಗೆ ಅನುಮತಿ ಕೊಟ್ಟಿರಬೇಕು. ನಿಮ್ಮ ಗೇಮ್‌ಗೆ ಆ ಫೋನ್‌ನಲ್ಲಿ ಎಷ್ಟು ಎಫ್‌ಪಿಎಸ್ ಸಿಗುತ್ತದೆ ಎಂದು ವಿಡಿಯೊ ನೋಡಿಯೇ ಕೊಳ್ಳಿ.

ಹಳೆಯ ಫ್ಲ್ಯಾಗ್‌ಶಿಪ್ 8 ಜೆನ್ 3ರ ಗ್ರಾಫಿಕ್ಸ್ ಅಡ್ರಿನೊ 750. ಇದು 8ಎಸ್ ಜೆನ್ 4ರ ಅಡ್ರಿನೊ 825ಕ್ಕಿಂತ ಬಲವಾದದ್ದು. ನಂಬರ್ ಮತ್ತೆ ದಾರಿ ತಪ್ಪಿಸುತ್ತದೆ ನೋಡಿ. ಒನ್‌ಪ್ಲಸ್ 13ಆರ್ ಈ ಚಿಪ್ ಹೊತ್ತು 2025ರ ಜನವರಿಯಲ್ಲಿ 42,999 ರೂಪಾಯಿಗೆ ಬಂತು. ಹಳೆಯ ಫ್ಲ್ಯಾಗ್‌ಶಿಪ್ ಚಿಪ್‌ನ ಫೋನ್ ಕೊಂಡರೆ ಕ್ಯಾಮೆರಾ ಚಿತ್ರ ಸಂಸ್ಕರಿಸುವ ಭಾಗವೂ ಮೇಲ್ದರ್ಜೆಯದೇ ಸಿಗುತ್ತದೆ. ಆದರೆ ಎರಡು ವಿಷಯ ಕಳೆದುಕೊಳ್ಳುತ್ತೀರಿ. ಚಿಪ್ ತಯಾರಕರು ಡ್ರೈವರ್ (ಚಿಪ್ ನಡೆಸುವ ಸಾಫ್ಟ್‌ವೇರ್) ಕೊಡುವ ವರ್ಷಗಳಲ್ಲಿ ಒಂದೆರಡು ಆಗಲೇ ಕಳೆದಿರುತ್ತವೆ. ಫೋನೇ ಹಳೆಯದಾದರೆ ಅಪ್‌ಡೇಟ್ ವರ್ಷಗಳೂ ಅಷ್ಟೇ ಕಡಿಮೆ.

ನನ್ನ ತೀರ್ಮಾನ ಹೇಳುತ್ತೇನೆ. ಬ್ಯಾಟರಿ, ಬೆಲೆ ಮುಖ್ಯ ಎಂದರೆ 8400. ಗೇಮ್ ಮುಖ್ಯ, 35 ಸಾವಿರ ದಾಟಬಾರದು ಎಂದರೆ 8ಎಸ್ ಜೆನ್ 4. ಕ್ಯಾಮೆರಾ, ಗೇಮ್ ಎರಡೂ ಬೇಕು, ಮೂರು ವರ್ಷ ಬಾಳಿದರೆ ಸಾಕು ಎಂದರೆ 8 ಜೆನ್ 3. ಕಾಲೇಜು ಮುಗಿಸಿ ಮೊದಲ ಸಂಬಳದಲ್ಲಿ ಫೋನ್ ಕೊಳ್ಳುವ ಹುಡುಗ ಹುಡುಗಿಯರು ಇಎಂಐ ಎಳೆದುಕೊಂಡು ಇದಕ್ಕಿಂತ ಮೇಲೆ ಹೋಗುವ ಅಗತ್ಯವೇ ಇಲ್ಲ.

50 ಸಾವಿರದ ಮೇಲೆ

ಇಲ್ಲಿ ಚಿಪ್ ಸಾಲದು ಎನ್ನುವ ಮಾತೇ ಬರುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್ 2024ರ ಅಕ್ಟೋಬರ್‌ನಲ್ಲಿ ಬಂತು. ಇದರ ಕೋರ್ ಆರ್ಮ್ ವಿನ್ಯಾಸ ಮಾಡಿದ ಕಾರ್ಟೆಕ್ಸ್ ಅಲ್ಲ, ಕ್ವಾಲ್‌ಕಾಮ್ ತಾನೇ ಮಾಡಿದ ಓರಿಯಾನ್. 2021ರಲ್ಲಿ ಸುಮಾರು 140 ಕೋಟಿ ಡಾಲರ್ ಕೊಟ್ಟು ಕೊಂಡ ನುವಿಯಾ ಕಂಪನಿಯ ಎಂಜಿನಿಯರುಗಳ ಕೆಲಸ ಅದು. ಎರಡು ಕೋರ್ 4.32, ಆರು ಕೋರ್ 3.53 ಗಿಗಾಹರ್ಟ್ಸ್, ಟಿಎಸ್‌ಎಂಸಿಯ 3 ನ್ಯಾನೋಮೀಟರ್. ಪೂರ್ತಿ ಒತ್ತಡ ಹಾಕಿದರೆ ಬಿಸಿಯಾಗುತ್ತದೆ, ತೆಳ್ಳನೆಯ ಫೋನ್‌ಗಳಲ್ಲಿ ವೇಗ ಇಳಿಸುತ್ತದೆ. ದೊಡ್ಡ ಗೇಮ್ ಗಂಟೆಗಟ್ಟಲೆ ಆಡುವವರು ತಂಪಾಗಿಸುವ ವ್ಯವಸ್ಥೆ ದೊಡ್ಡದಿರುವ, ಸ್ವಲ್ಪ ದಪ್ಪ ಫೋನನ್ನೇ ಆರಿಸಿ.

ಗೂಗಲ್‌ನ ಪಿಕ್ಸೆಲ್ ಫೋನ್‌ಗಳಲ್ಲಿರುವ ಟೆನ್ಸರ್ ಜಿ4 ಚಿಪ್ ಬರೀ ವೇಗದಲ್ಲಿ ಅದೇ ವರ್ಷದ ಸ್ನ್ಯಾಪ್‌ಡ್ರ್ಯಾಗನ್‌ಗಿಂತ ಹಿಂದೆ. ಅದನ್ನು ಕೊಳ್ಳುವವರು ಕ್ಯಾಮೆರಾಕ್ಕಾಗಿ, ಏಳು ವರ್ಷದ ಅಪ್‌ಡೇಟ್‌ಗಾಗಿ ಕೊಳ್ಳುತ್ತಾರೆ. ಪಿಕ್ಸೆಲ್ 9ಎಯಲ್ಲಿ ಜಿ4 ಇದ್ದರೂ ಮಾಡೆಮ್ ಪಿಕ್ಸೆಲ್ 9ಕ್ಕಿಂತ ಒಂದು ತಲೆಮಾರು ಹಳೆಯದು. ಸಿಗ್ನಲ್ ಚೆನ್ನಾಗಿರುವ ಊರಲ್ಲಿ ಅದು ತೊಂದರೆಯಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಒಳಭಾಗದವರು ಯೋಚಿಸಿ ಕೊಳ್ಳಿ. ಟೆನ್ಸರ್ ಜಿ5ರಿಂದ ಗೂಗಲ್ ಸ್ಯಾಮ್‌ಸಂಗ್ ಕಾರ್ಖಾನೆ ಬಿಟ್ಟು ಟಿಎಸ್‌ಎಂಸಿಗೆ ಹೋಗಿದೆ.

ಆ್ಯಪಲ್ ಚಿಪ್ ಬಗ್ಗೆ ಒಂದು ವಿಷಯ ಸಾಕು. 2019ರ ಐಫೋನ್ 11ರಲ್ಲಿ ಎ13 ಚಿಪ್ ಇದೆ. 2025ರ ಐಒಎಸ್ 26 ಅದರಲ್ಲೂ ಓಡುತ್ತದೆ. ಅಷ್ಟು ವರ್ಷ ಇಟ್ಟುಕೊಳ್ಳುವವರು ಬೆಲೆಯನ್ನು ವರ್ಷಗಳಿಂದ ಭಾಗಿಸಿ ನೋಡಿ, ಆಗ ಐಫೋನ್ ದುಬಾರಿಯೋ ಅಲ್ಲವೋ ಎಂದು ತಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಏನೂ ಕೊಳ್ಳದೆ ಇರುವುದು

ಇದನ್ನೂ ಒಂದು ಆಯ್ಕೆ ಎಂದೇ ತೂಗಿ. ನಿಮ್ಮ ಕೈಲಿರುವ ಫೋನ್‌ನಲ್ಲಿ ಸ್ನ್ಯಾಪ್‌ಡ್ರ್ಯಾಗನ್ 8 ಪ್ಲಸ್ ಜೆನ್ 1, 8 ಜೆನ್ 2 ಅಥವಾ ಡೈಮೆನ್ಸಿಟಿ 8300 ಇದ್ದರೆ, 20 ಸಾವಿರದ ಹೊಸ ಫೋನ್ ಕೊಂಡರೆ ವೇಗದಲ್ಲಿ ಹಿಂದೆ ಹೋಗುತ್ತೀರಿ. ಅಂಥ ಫೋನ್ ನಿಧಾನವಾಗಿದ್ದರೆ ಮೊದಲು ಸ್ಟೋರೇಜ್ ತುಂಬಿದೆಯೇ ನೋಡಿ, ಶೇ. 15ರಷ್ಟಾದರೂ ಖಾಲಿ ಮಾಡಿ. ಆಮೇಲೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿ. ಹೊಸ ಫೋನ್‌ನ ಬೆಲೆಯ ಮುಂದೆ ಅದು ಸಣ್ಣ ಮೊತ್ತ. ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಬರುತ್ತಿದ್ದರೆ ಆ ಫೋನನ್ನು ಇನ್ನೊಂದೆರಡು ವರ್ಷ ಧೈರ್ಯವಾಗಿ ಬಳಸಬಹುದು. ಅಪ್‌ಡೇಟ್ ನಿಂತು ಹೋಗಿದ್ದರೆ, ಅದರಲ್ಲೇ ಬ್ಯಾಂಕ್ ಮತ್ತು ಯುಪಿಐ ಬಳಸುತ್ತಿದ್ದರೆ, ಚಿಪ್ ಎಷ್ಟೇ ಚೆನ್ನಾಗಿದ್ದರೂ ಬದಲಿಸುವ ಸಮಯ ಬಂದಿದೆ.